ಸರಪಳಿ ಅಂಗಡಿಗಳಲ್ಲಿ ಗಣಕಯಂತ್ರದ ಲೆಕ್ಕ: ಬೆಳೆಗಾರರು ತಿಳಿಯಬೇಕಾದ ಸಂಗತಿಗಳು



ಒಂದೇ ಹೆಸರಿನಲ್ಲಿ ಹತ್ತಾರು ಊರುಗಳಲ್ಲಿ ನಡೆಯುವ ದೊಡ್ಡ ಅಂಗಡಿಗಳನ್ನು ತಾವೆಲ್ಲರೂ ನೋಡಿದ್ದೀರಿ. ಬಟ್ಟೆ, ಪಾತ್ರೆ, ದಿನಸಿ, ತರಕಾರಿ, ಕಾಫಿಪುಡಿ ಎಲ್ಲವೂ ಒಂದೇ ಸೂರಿನಡಿ ದೊರೆಯುವ ಈ ಅಂಗಡಿಗಳು ಬೆಂಗಳೂರನ್ನು ದಾಟಿ ಜಿಲ್ಲಾ, ತಾಲ್ಲೂಕು ಕೇಂದ್ರಗಳಿಗೂ ಬರುತ್ತಿವೆ. ಇವುಗಳ ವ್ಯಾಪಾರವೆಲ್ಲ ನಿಂತಿರುವುದು ಗಣಕಯಂತ್ರದ ಲೆಕ್ಕದ ಮೇಲೆ. ಆ ಲೆಕ್ಕ ನಡೆಯುವ ಬಗೆಯನ್ನೂ, ನಾವು ಬೆಳೆದ ಮಾಲಿಗೂ ಅದಕ್ಕೂ ಇರುವ ಸಂಬಂಧವನ್ನೂ ಈ ಲೇಖನದಲ್ಲಿ ವಿವರಿಸಬಯಸುತ್ತೇವೆ.

ನಮ್ಮದು ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆ. ಆದರೂ ಇಲ್ಲಿನ ಉದಾಹರಣೆಗಳನ್ನು ಹೆಚ್ಚಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಿಂದ ಆರಿಸಿಕೊಂಡಿದ್ದೇವೆ. ಇದಕ್ಕೆ ಕಾರಣವುಂಟು. ಬೆಂಗಳೂರಿನ ಊಟದ ತಟ್ಟೆಗೆ ತರಕಾರಿ, ದ್ರಾಕ್ಷಿ ಹೋಗುವುದು ಬಹುಮಟ್ಟಿಗೆ ಈ ಸೀಮೆಯಿಂದ. ಕಾಫಿ, ಅಡಿಕೆ ಮೂಟೆಗಳನ್ನು ಗೋದಾಮಿನಲ್ಲಿಟ್ಟು ಒಳ್ಳೆಯ ಧಾರಣೆಗೆ ಕಾಯಬಹುದು, ಟೊಮೆಟೊ ಕಾಯುವುದಿಲ್ಲ. ಆದ್ದರಿಂದ ಈ ಲೆಕ್ಕದ ಬಿಸಿ ಮೊದಲು ತಟ್ಟಿದ್ದು ತರಕಾರಿ ಬೆಳೆಯುವವರಿಗೆ. ಅವರಿಗೆ ನಿನ್ನೆ ಆದದ್ದು ನಮಗೆ ನಾಳೆ ಆಗಬಹುದು.

ದಾಸ್ತಾನು ಪುಸ್ತಕದಿಂದ ಗಣಕಕ್ಕೆ

ದೊಡ್ಡ ಅಂಗಡಿ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಜನತಾ ಬಜಾರನ್ನು ನಮ್ಮ ಹಿರಿಯ ಸದಸ್ಯರು ಬಲ್ಲರು. ಚಿಕ್ಕಬಳ್ಳಾಪುರದ ಸುತ್ತಲಿನ ದ್ರಾಕ್ಷಿ ಬೆಳೆಗಾರರಿಗೆ ಪರಿಚಿತವಾದ ಹಾಪ್‌ಕಾಮ್ಸ್ ಪ್ರಾರಂಭವಾದದ್ದೇ 1959ರಲ್ಲಿ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಆ ಕಾಲದ ಅಂಗಡಿಗಳಲ್ಲಿ ಎಷ್ಟು ಮಾಲು ಉಳಿದಿದೆ ಎಂದು ತಿಳಿಯಬೇಕಾದರೆ ಗುಮಾಸ್ತರು ದಾಸ್ತಾನು ಪುಸ್ತಕ ತೆರೆದು, ಕಪಾಟಿನಲ್ಲಿರುವುದನ್ನು ಎಣಿಸಿ ತಾಳೆ ನೋಡಬೇಕಿತ್ತು. ಅಷ್ಟರಲ್ಲಿ ದಿನಗಳೇ ಕಳೆಯುತ್ತಿದ್ದವು.

ಬದಲಾವಣೆ ಬಂದದ್ದು ಬಾರ್ ಕೋಡಿನಿಂದ, ಅಂದರೆ ಪೊಟ್ಟಣದ ಮೇಲಿನ ಕಪ್ಪು ಗೀಟುಗಳಿಂದ. 1974ರ ಜೂನ್ 26ರಂದು ಅಮೆರಿಕದ ಓಹಾಯೊ ಸಂಸ್ಥಾನದ ಟ್ರಾಯ್ ಎಂಬ ಊರಿನ ಮಾರ್ಷ್ ಅಂಗಡಿಯಲ್ಲಿ ಚೂಯಿಂಗ್ ಗಮ್ ಪೊಟ್ಟಣವೊಂದನ್ನು ಮೊದಲ ಬಾರಿಗೆ ಹೀಗೆ ಯಂತ್ರದಿಂದ ಓದಿಸಿ ಮಾರಲಾಯಿತು. ಅದೇ ದೇಶದ ವಾಲ್‌ಮಾರ್ಟ್ 1987ರ ವೇಳೆಗೆ ತನ್ನ ಅಂಗಡಿಗಳನ್ನೆಲ್ಲ ಉಪಗ್ರಹದ ಮೂಲಕ ಕೇಂದ್ರ ಕಚೇರಿಗೆ ಜೋಡಿಸಿತು. ನಮ್ಮಲ್ಲಿ ಶಾಪರ್ಸ್ ಸ್ಟಾಪ್ 1991ರಲ್ಲಿ ಮುಂಬಯಿಯಲ್ಲಿ ತೆರೆಯಿತು. ಬೆಂಗಳೂರಿನಲ್ಲಿ 1999ರಲ್ಲಿ ಹುಟ್ಟಿದ ಫ್ಯಾಬ್‌ಮಾರ್ಟ್ ಮೊದಲು ಅಂತರ್ಜಾಲದಲ್ಲೇ ವ್ಯಾಪಾರ ಮಾಡಿತು. ಅನಂತರ ಫ್ಯಾಬ್‌ಮಾಲ್ ಹೆಸರಿನ ದಿನಸಿ ಅಂಗಡಿಗಳನ್ನು ತೆರೆಯಿತು. ಆ ಅಂಗಡಿಗಳು ಮುಂದೆ ಆದಿತ್ಯ ಬಿರ್ಲಾ ಸಮೂಹಕ್ಕೆ ಸೇರಿ ‘ಮೋರ್’ ಆದವು. ಅದನ್ನು ಕಟ್ಟಿದವರೇ 2011ರಲ್ಲಿ ಬೆಂಗಳೂರಿನಲ್ಲಿ ಬಿಗ್‌ಬಾಸ್ಕೆಟ್ ಪ್ರಾರಂಭಿಸಿದರು. ಅಂದರೆ ಇವರಿಗೆ ಗಣಕವೇ ಮೊದಲು, ಅಂಗಡಿ ಆಮೇಲೆ.

ಗೀಟುಗಳಲ್ಲಿ ಏನಿದೆ?

ಈ ಗೀಟುಗಳಲ್ಲಿ ಬೆಲೆ ಬರೆದಿದೆ ಎಂದು ಹಲವರು ಭಾವಿಸಿದ್ದಾರೆ. ಅದು ಸರಿಯಲ್ಲ. ಅಲ್ಲಿರುವುದು 13 ಅಂಕಿಗಳ ಒಂದು ಸಂಖ್ಯೆ ಮಾತ್ರ. ಬೆಲೆ ಇರುವುದು ಅಂಗಡಿಯ ಗಣಕದಲ್ಲಿ. ಆದ್ದರಿಂದಲೇ ಬೆಳಗಿನ ಬೆಲೆಯನ್ನು ಸಂಜೆ, ಎಲ್ಲ ಅಂಗಡಿಗಳಲ್ಲೂ ಒಟ್ಟಿಗೆ, ಪೊಟ್ಟಣ ಮುಟ್ಟದೆ ಇಳಿಸಲು ಅವರಿಗೆ ಸಾಧ್ಯ. ಮೊದಲಿಗೆ 890 ಎಂದಿದ್ದರೆ ಆ ಸಂಖ್ಯೆಯನ್ನು ಭಾರತದ ನೋಂದಣಿ ಸಂಸ್ಥೆಯಿಂದ ಪಡೆಯಲಾಗಿದೆ ಎಂದರ್ಥ. ಮಾಲು ಭಾರತದಲ್ಲೇ ಬೆಳೆದದ್ದೆಂದು ಅರ್ಥವಲ್ಲ. ಕೊನೆಯ ಅಂಕಿ ತಪ್ಪು ಹಿಡಿಯಲು ಇರುವುದು. 8901234567890 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಕೊನೆಯ ಅಂಕಿ ಬಿಟ್ಟು, ಬೆಸ ಸ್ಥಾನದ ಅಂಕಿಗಳನ್ನು ಕೂಡಿದರೆ 28. ಸಮ ಸ್ಥಾನದವನ್ನು ಕೂಡಿದರೆ 34, ಅದರ ಮೂರರಷ್ಟು 102. ಎರಡೂ ಸೇರಿ 130. ಇದು ಹತ್ತರಿಂದ ಸರಿಯಾಗಿ ಭಾಗವಾಗುವುದರಿಂದ ಕೊನೆಯ ಅಂಕಿ 0. ಮನೆಯಲ್ಲಿರುವ ಯಾವುದಾದರೂ ಪೊಟ್ಟಣದ ಮೇಲೆ ಮಕ್ಕಳಿಂದ ಈ ಲೆಕ್ಕ ಮಾಡಿಸಿ ನೋಡಬಹುದು.

ಬಿಡಿಯಾಗಿ ಮಾರುವ ತರಕಾರಿಗೆ ಇಂಥ ಗೀಟುಗಳಿರುವುದಿಲ್ಲ. ಅಂಗಡಿಯ ತಕ್ಕಡಿಯೇ ತೂಕ ಮಾಡಿ, ಮಾಲಿನ ಸಂಖ್ಯೆ ಸೇರಿಸಿ, ಚೀಟಿ ಮುದ್ರಿಸಿ ಕೊಡುತ್ತದೆ.

ಒಂದು ಬಿಲ್ಲು, ನಾಲ್ಕು ಲೆಕ್ಕ

ಬಿಲ್ಲಿನ ಮೇಜಿನಲ್ಲಿ ಯಂತ್ರ ಒಮ್ಮೆ ‘ಕೀಂ’ ಎಂದಾಗ ನಾಲ್ಕು ಕೆಲಸಗಳು ಒಟ್ಟಿಗೆ ಆಗುತ್ತವೆ. ಗಿರಾಕಿಯ ಬಿಲ್ಲಿಗೆ ಬೆಲೆ ಸೇರುತ್ತದೆ. ದಾಸ್ತಾನಿನಲ್ಲಿ ಒಂದು ಕಡಿಮೆಯಾಗುತ್ತದೆ. ಸರಕು ಮತ್ತು ಸೇವಾ ತೆರಿಗೆಯ ಲೆಕ್ಕ ಬರೆಯಲ್ಪಡುತ್ತದೆ. ಗಿರಾಕಿಯು ಅಂಗಡಿಯ ಸದಸ್ಯತ್ವದ ಕಾರ್ಡನ್ನೋ ಮೊಬೈಲ್ ಸಂಖ್ಯೆಯನ್ನೋ ಕೊಟ್ಟಿದ್ದರೆ, ಅವರು ಏನೇನು ಯಾವಾಗ ಕೊಳ್ಳುತ್ತಾರೆ ಎಂಬುದೂ ದಾಖಲಾಗುತ್ತದೆ.

ಇವುಗಳಲ್ಲಿ ನಮಗೆ ಮುಖ್ಯವಾದದ್ದು ಎರಡನೆಯದು, ದಾಸ್ತಾನಿನ ಲೆಕ್ಕ. ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಂದು ಅಂಗಡಿಯಲ್ಲಿ ದಿನಕ್ಕೆ ಸರಾಸರಿ 12 ಪೊಟ್ಟಣ ಕಾಫಿಪುಡಿ ಮಾರಾಟವಾಗುತ್ತದೆ. ಬೇಡಿಕೆ ಕಳುಹಿಸಿದ ಮೇಲೆ ಮಾಲು ಬರಲು 4 ದಿನ ಬೇಕು. ಆ 4 ದಿನಕ್ಕೆ 48 ಪೊಟ್ಟಣ. ಹಬ್ಬ ಹರಿದಿನಕ್ಕೆಂದು ಕೈಕಾವಲು 20. ಒಟ್ಟು 68. ದಾಸ್ತಾನು 68ಕ್ಕೆ ಇಳಿದ ಕೂಡಲೇ ಗಣಕವು ತಾನಾಗಿಯೇ ಬೇಡಿಕೆ ಪಟ್ಟಿ ತಯಾರಿಸುತ್ತದೆ. ಇದರಿಂದ ಅಂಗಡಿಯವರ ಹಣ ಗೋದಾಮಿನಲ್ಲಿ ಕೊಳೆಯುವುದಿಲ್ಲ, ಕಪಾಟೂ ಬರಿದಾಗುವುದಿಲ್ಲ. ಯಾವ ಮಾಲು ಕೊಳೆತು ಎಸೆಯಲ್ಪಟ್ಟಿತು, ಯಾವುದು ಅವಧಿ ಮೀರುತ್ತಿದೆ ಎಂಬುದೂ ಪ್ರತಿದಿನ ತಿಳಿಯುತ್ತದೆ.

ಚಿಂತಾಮಣಿಯ ಕ್ರೇಟಿಗೂ ಇದಕ್ಕೂ ಏನು ಸಂಬಂಧ?

ತರಕಾರಿಯಲ್ಲಿ ಈ ಲೆಕ್ಕ 4 ದಿನದ್ದಲ್ಲ, ಒಂದು ರಾತ್ರಿಯದು. ಅಂಗಡಿಗಳ ದಿನದ ಮಾರಾಟ ಕೇಂದ್ರ ಕಚೇರಿಗೆ ಸೇರುತ್ತದೆ. ಅಲ್ಲಿಂದ ಹಳ್ಳಿಯ ಕಡೆಯ ಖರೀದಿ ಕೇಂದ್ರಕ್ಕೆ ಇಂಡೆಂಟು ಬರುತ್ತದೆ: ನಾಳೆ ಇಷ್ಟು ಕ್ರೇಟು ಟೊಮೆಟೊ, ಇಷ್ಟು ಹೂಕೋಸು, ಇಂಥ ಗಾತ್ರ, ಇಂಥ ಬಣ್ಣ. ರೈತ 20 ಕ್ರೇಟು ತಂದಿದ್ದು ಇಂಡೆಂಟು 12 ಇದ್ದರೆ, ಉಳಿದ 8 ಕ್ರೇಟು ಚಿಂತಾಮಣಿಯ ಮಾರುಕಟ್ಟೆಯ ಹಾದಿ ಹಿಡಿಯಬೇಕು. ಅಷ್ಟು ಹೊತ್ತಿಗೆ ಅಲ್ಲಿ ಹರಾಜು ಮುಗಿಯುತ್ತಾ ಬಂದಿದ್ದರೆ ಸಿಕ್ಕ ಬೆಲೆಗೆ ಕೊಟ್ಟು ಬರಬೇಕು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಇಂಥ ಕೇಂದ್ರಗಳಲ್ಲಿ ತೂಕ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಆಗುತ್ತದೆ, ಹಣ ಬ್ಯಾಂಕ್ ಖಾತೆಗೆ ಬರುತ್ತದೆ, ಮಂಡಿಯ ಕಮಿಷನ್ ಇರುವುದಿಲ್ಲ. ಇವು ಸಣ್ಣ ಅನುಕೂಲಗಳಲ್ಲ. ಆದರೆ ನಷ್ಟದ ಭಾರ ಯಾರ ಹೆಗಲಿಗೆ ಬಿತ್ತು ಎಂಬುದನ್ನೂ ನೋಡಬೇಕು. ನಗರದಲ್ಲಿ ಮಳೆ ಬಂದು ಗಿರಾಕಿ ಕಡಿಮೆಯಾದರೆ, ಹಿಂದೆ ಕೊಳೆಯುತ್ತಿದ್ದುದು ಅಂಗಡಿಯ ಮಾಲು. ಈಗ ಅಂಗಡಿಗೆ ಆ ಸುದ್ದಿ ಅಂದೇ ತಿಳಿಯುತ್ತದೆ, ಅದು ಇಂಡೆಂಟನ್ನು ಇಳಿಸುತ್ತದೆ, ರೈತನ ಕ್ರೇಟು ಹಿಂದಿರುಗುತ್ತದೆ. ರೈತನಿಗೆ ಸುದ್ದಿ ತಿಳಿಯುವುದು ಕೊಯ್ಲಾದ ಮೇಲೆ. ತಿಳಿವಳಿಕೆ ಒಂದೇ ಕಡೆ ಸೇರಿದಾಗ ನಷ್ಟವೆಲ್ಲ ಇನ್ನೊಂದು ಕಡೆ ಸೇರುತ್ತದೆ.

ಯಂತ್ರ ಬೆಳೆಗಾರನ ಪರವೂ ಆಗಬಹುದು

ಯಂತ್ರವೇ ಕೆಟ್ಟದ್ದೆಂದು ಇದರಿಂದ ತೀರ್ಮಾನಿಸಬಾರದು. ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿ. ಅಲ್ಲಿಯೂ ಎಲೆಕ್ಟ್ರಾನಿಕ್ ಹರಾಜು ಬಂದಿದೆ. ಆದರೆ ಅಲ್ಲಿ ತನ್ನ ಲಾಟಿಗೆ ರೀಲರು ಕೂಗಿದ ಬೆಲೆ ಗೂಡು ತಂದ ರೈತನಿಗೂ ತಿಳಿಯುತ್ತದೆ; ಒಪ್ಪುವುದು ಬಿಡುವುದು ಅವನ ಇಷ್ಟ. ಕರ್ನಾಟಕದ ಕೃಷಿ ಮಾರುಕಟ್ಟೆಗಳಲ್ಲಿ 2014ರಲ್ಲಿ ಪ್ರಾರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯ ಉದ್ದೇಶವೂ ಇದೇ. ನಮ್ಮ ಹಳ್ಳಿಗಳ ಹಾಲಿನ ಡೇರಿಯಲ್ಲಿ ಹಾಲಿನ ಅಳತೆ, ಜಿಡ್ಡಿನ ಅಂಶ, ದರ ಎಲ್ಲವನ್ನೂ ಯಂತ್ರ ಚೀಟಿಯಲ್ಲಿ ಮುದ್ರಿಸಿ ಕೊಡುತ್ತದೆ. ಹಾಲು ಹಾಕಿದ ಹೆಣ್ಣುಮಗಳು ಆ ಚೀಟಿ ಹಿಡಿದು ಲೆಕ್ಕ ಕೇಳಬಲ್ಲಳು. ಯಂತ್ರ ಎಲ್ಲ ಕಡೆಯೂ ಒಂದೇ ಬಗೆಯದು. ಅದರ ಲೆಕ್ಕವನ್ನು ಯಾರಿಗೆ ತೋರಿಸುತ್ತಾರೆ ಎಂಬುದರಲ್ಲಿ ವ್ಯತ್ಯಾಸವಿದೆ.

ಕಾಫಿ, ಅಡಿಕೆಯವರಿಗೆ ಬರುವ ಪಾಠ

ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಇದ್ದಾಗ ಮಾಲು ಒಪ್ಪಿಸಿದರೆ ನಮ್ಮ ಕೆಲಸ ಮುಗಿಯುತ್ತಿತ್ತು. ಕೊಂಡವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ. 1990ರ ದಶಕದ ಮಧ್ಯದಲ್ಲಿ ಅದು ಕೊನೆಗೊಂಡು ಮುಕ್ತ ಮಾರಾಟ ಬಂದಿತು. ಇಂದು ಸರಪಳಿ ಅಂಗಡಿಯ ಕಪಾಟಿನಲ್ಲಿ ಕಾಫಿಪುಡಿ, ಕಾಳುಮೆಣಸು, ಏಲಕ್ಕಿಯ ಜೊತೆಗೆ ಅಡಿಕೆ ಹಾಳೆಯ ತಟ್ಟೆಯೂ ಇದೆ. ಪೊಟ್ಟಣದ ಆಹಾರದ ಮೇಲೆ ಲಾಟು ಸಂಖ್ಯೆಯೂ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆಯೂ ಇರಬೇಕೆಂಬುದು ಕಾನೂನು. ಒಂದು ಲಾಟಿನಲ್ಲಿ ದೋಷ ಕಂಡರೆ ಅದು ಎಲ್ಲಿಂದ ಬಂತೆಂದು ಹಿಂದಕ್ಕೆ ಹುಡುಕುತ್ತಾರೆ. ಯುರೋಪಿಗೆ ಹೋಗುವ ಕಾಫಿಗಾದರೆ, ಅಲ್ಲಿನ ಒಕ್ಕೂಟವು 2023ರಲ್ಲಿ ಮಾಡಿದ ಅರಣ್ಯನಾಶ ತಡೆ ನಿಯಮದ ಪ್ರಕಾರ, ಬೆಳೆದ ಜಮೀನಿನ ಸ್ಥಾನದ ವಿವರವನ್ನೇ ಕೇಳಲಾಗುತ್ತದೆ. ಅದರ ಜಾರಿಯ ದಿನಾಂಕ ಮಾತ್ರ ಮುಂದೂಡಲ್ಪಡುತ್ತಾ ಬಂದಿದೆ. ತನ್ನ ಮಾಲಿನ ದಾಖಲೆಯಿಲ್ಲದ ಬೆಳೆಗಾರನ ಮೂಟೆ ಇಂಥ ಕಡೆ ಹೆಸರಿಲ್ಲದ ಮೂಟೆಯಾಗಿ, ಹೆಸರಿಲ್ಲದ ಬೆಲೆಗೆ ಹೋಗುತ್ತದೆ.

ಎರಡು ಮೂರು ಎಕರೆಯವರು ಒಬ್ಬೊಬ್ಬರಾಗಿ ಇದನ್ನೆಲ್ಲ ನಿಭಾಯಿಸುವುದು ಕಷ್ಟ. ಸಂಘವಾಗಿ ಸಾಧ್ಯ. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಬೆಳೆಗಾರರ ಕೋಕೋ ಹೀಗೆ ಬೆಳೆಗಾರರದೇ ಹೆಸರಿನ ಪೊಟ್ಟಣದಲ್ಲಿ ಅಂಗಡಿ ಸೇರಿತು.

ಸದಸ್ಯರು ಈಗಿನಿಂದಲೇ ಕೆಳಗಿನ ಕ್ರಮಗಳನ್ನು ಅನುಸರಿಸಬೇಕೆಂದು ಸೂಚಿಸುತ್ತೇವೆ:

1. ಪ್ರತಿ ಕೊಯ್ಲಿನ ಮಾಲಿಗೂ ಒಂದು ಲಾಟು ಸಂಖ್ಯೆ ಕೊಟ್ಟು, ಕೊಯ್ದ ದಿನ, ತೋಟದ ಯಾವ ಭಾಗ, ಸಿಂಪಡಿಸಿದ ಔಷಧಿ ಮತ್ತು ಅದರ ದಿನಾಂಕ, ಒಣಗಿಸಿದ ದಿನಗಳು, ತೂಕ ಇಷ್ಟನ್ನೂ ಬರೆದಿಡಿ. ಇದಕ್ಕೆ ಗಣಕ ಬೇಕಿಲ್ಲ. ಒಂದು ನೋಟ್‌ಬುಕ್ ಸಾಕು.

2. ವಿಂಗಡಣೆಯನ್ನು ಮನೆಯಲ್ಲೇ ಮಾಡಿ. ಕೊಳ್ಳುವವರ ಕೇಂದ್ರದಲ್ಲಿ ವಿಂಗಡಣೆಯಾದರೆ ತಿರಸ್ಕರಿಸಿದ ಮಾಲನ್ನು ಹೊತ್ತು ತರುವ ಬಾಡಿಗೆ ನಮ್ಮದೇ.

3. ಕೊಯ್ಲಿಗೆ ಮುಂಚೆ ಇಂಡೆಂಟನ್ನು ಕೇಳಿ, ಸಾಧ್ಯವಾದರೆ ಬರೆಹದಲ್ಲಿ ಪಡೆಯಿರಿ. ಮೊಬೈಲಿನಲ್ಲಿ ಬಂದ ಸಂದೇಶವನ್ನೂ ಅಳಿಸದೆ ಇಟ್ಟುಕೊಳ್ಳಿ.

4. ತೂಕದ ಚೀಟಿ, ತಿರಸ್ಕಾರದ ಕಾರಣ ಎರಡನ್ನೂ ಕೇಳಿ ಪಡೆಯಿರಿ. ಒಂದು ಹಂಗಾಮಿನ ಚೀಟಿಗಳನ್ನು ಕೂಡಿಸಿ ನೋಡಿದರೆ ತಂದದ್ದೆಷ್ಟು, ಅವರು ಕೊಂಡದ್ದೆಷ್ಟು ಎಂಬುದು ಸ್ಪಷ್ಟವಾಗುತ್ತದೆ.

5. ಎಲ್ಲ ಮಾಲನ್ನೂ ಒಬ್ಬರೇ ಕೊಳ್ಳುವವರಿಗೆ ನಂಬಿ ಬಿಡಬೇಡಿ. ಮಾರುಕಟ್ಟೆಯ ದಾರಿ ತೆರೆದಿರಲಿ.

ಈ ಚೀಟಿಗಳ ನಕಲನ್ನು ಸಂಘದ ಕಚೇರಿಗೆ ತಲುಪಿಸಿದರೆ ಒಟ್ಟುಗೂಡಿಸಿ ಲೆಕ್ಕ ಹಾಕಿಕೊಡುತ್ತೇವೆ. ಒಬ್ಬ ರೈತನ 8 ಕ್ರೇಟು ಹಿಂದಿರುಗಿದ್ದು ಅವನ ಮನೆಯ ಮಾತಾಗಿಯೇ ಉಳಿಯುತ್ತದೆ. ನೂರು ಜನರ ಚೀಟಿಗಳು ಒಟ್ಟಿಗಿದ್ದರೆ, ಇಂಡೆಂಟನ್ನು ಎರಡು ದಿನ ಮುಂಚಿತವಾಗಿ ಕೊಡಿ ಎಂದು ಕೊಳ್ಳುವವರ ಮುಂದೆ ಕುಳಿತು ಕೇಳಲು ಸಂಘಕ್ಕೆ ಆಧಾರ ಸಿಗುತ್ತದೆ. ಸದಸ್ಯರು ಇದರಲ್ಲಿ ಪೂರ್ಣ ಸಹಕಾರ ನೀಡಬೇಕಾಗಿ ಕೋರುತ್ತೇವೆ.

— ಕಾರ್ಯದರ್ಶಿ