ಮುಖ ನೋಡದ ನೆಂಟರು

ಬೆಸಗರಹಳ್ಳಿ: ನಮ್ಮಜ್ಜನ ಚಿಲ್ಲರೆ ಅಂಗಡಿಯಲ್ಲಿ ಗಡಿಯಾರ ಇರಲಿಲ್ಲ. ಸೀಮೆಎಣ್ಣೆ ಡಬ್ಬದ ಮೇಲಿನ ಹಲಗೆಯಲ್ಲಿ ಒಂದು ಮರ್ಫಿ ರೇಡಿಯೋ ಇತ್ತು. ಅದೇ ಗಡಿಯಾರ, ಅದೇ ಪಂಚಾಂಗ, ಅದೇ ಪೇಪರ್ರು. "ಸಂಸ್ಕೃತ ವಾರ್ತೆ ಬಂದಾಯ್ತು, ಇನ್ನೂವೆ ಆಲು ಕರ್ದಿಲ್ವಾ?" ಅಂತ ಅಜ್ಜಿಯನ್ನು ಕೂಗುತ್ತಿದ್ದರು. ಅಂದರೆ ಬೆಳಿಗ್ಗೆ 6 ಗಂಟೆ 55 ನಿಮಿಷ ಆಯಿತೂಂತ ಅರ್ಥ. ಸಂಸ್ಕೃತದ ಒಂದಕ್ಷರ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಆದರೆ ದೆಹಲಿಯಿಂದ ಓದುತ್ತಿದ್ದ ಬಲದೇವಾನಂದ ಸಾಗರರ ಹೆಸರು ಬಾಯಿಪಾಠ. ಕನ್ನಡ ವಾರ್ತೆಯ ಉಪೇಂದ್ರರಾವ್, ರಂಗರಾವ್ ಅಂದರಂತೂ ಸ್ವಂತ ಬೀಗರ ಮಾತಾಡಿದಂಗೇ ಮಾತಾಡೋರು. "ಇವತ್ತು ರಂಗರಾಯರ ಗಂಟ್ಲು ಯಾಕೋ ಕಟ್ಟಿದಂಗದೆ, ನೆಗಡಿ ಇರಬೇಕು" ಅನ್ನೋರು.

ಈ ಬೀಗರ ಮುಖವನ್ನು ಅಜ್ಜ ಸಾಯುವವರೆಗೂ ನೋಡಲಿಲ್ಲ.

2024ರ ಫೆಬ್ರವರಿ 20ರಂದು ಮುಂಬಯಿಯಲ್ಲಿ ಅಮೀನ್ ಸಯಾನಿ ತೀರಿಕೊಂಡರು. 91 ವರ್ಷ ಆಗಿತ್ತು. ದೇಶದ ಪತ್ರಿಕೆಗಳೆಲ್ಲ ಅಂಕಣ ತುಂಬ ಬರೆದವು. ಬರೆಯಬೇಕಾದ್ದೇ. 1952ರಲ್ಲಿ ನಮ್ಮ ರೇಡಿಯೋ ಖಾತೆ ಮಂತ್ರಿ ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದರೆ ಆಗದು, ಆಕಾಶವಾಣಿಯಲ್ಲಿ ಅದಕ್ಕೆ ಜಾಗ ಇಲ್ಲದಂತಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ ಬಿನಾಕಾ ಗೀತಮಾಲಾ ಶುರುವಾಯಿತು. ಆ ಒಂದು ದನಿಗಾಗಿ ಇಡೀ ದೇಶ ಪಕ್ಕದ ದೇಶದ ಕಡೆ ಮುಳ್ಳು ತಿರುಗಿಸಿತು. ಸರ್ಕಾರಕ್ಕೆ ಬಿಸಿ ತಟ್ಟಿ, 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂತು. ಅಂತಾ ದನಿ ಅದು.

ಆದರೆ ನಮ್ಮ ಕನ್ನಡದ ದನಿಗಳ ಕಥೆ ಏನು? ಅವರಲ್ಲಿ ಎಷ್ಟು ಜನರಿಗೆ ಒಂದು ಅಂಕಣ ಸಿಕ್ಕಿತು?

ನೆನಪಿಡಬೇಕು ಸ್ವಾಮಿ, 'ಆಕಾಶವಾಣಿ' ಅನ್ನೋ ಹೆಸರೇ ನಮ್ಮ ಪಕ್ಕದ ಮೈಸೂರಿನದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪಾಠ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಸ್ಟೇಷನ್ ತೆರೆದರು. ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ನಮ್ಮ ಬಚ್ಚಲು ಮನೆಯ 40 ವ್ಯಾಟ್ ಬಲ್ಬಿಗಿಂತ ಕಮ್ಮಿ! ಅದಕ್ಕೆ ಆಕಾಶವಾಣಿ ಅಂತ ಹೆಸರಿಟ್ಟವರು ನಾ. ಕಸ್ತೂರಿ, ಕೊರವಂಜಿಯಲ್ಲಿ ನಗಿಸುತ್ತಿದ್ದ ಅದೇ ಕಸ್ತೂರಿಯವರು. 1942ರಲ್ಲಿ ಸ್ಟೇಷನ್ನು ಮೈಸೂರು ಸರ್ಕಾರದ ಕೈಗೆ ಹೋಯಿತು. 1955ರ ನವೆಂಬರಿನಲ್ಲಿ ಬೆಂಗಳೂರಿನ ಪಾಲಾಯಿತು. ಮೈಸೂರಿಗೆ ಮತ್ತೆ ಸ್ವಂತ ಸ್ಟೇಷನ್ ಸಿಕ್ಕಿದ್ದು 1974ರಲ್ಲಿ. ಅಷ್ಟರಲ್ಲಿ ಮೈಸೂರಿನ ಹೆಸರು ಇಡೀ ದೇಶದ ರೇಡಿಯೋಗೆ ಅಂಟಿಕೊಂಡಿತ್ತು. ಮಗು ದತ್ತು ಹೋದರೂ ಹೆಸರು ತೌರಿನದೇ.

ನಮ್ಮೂರಿಗೆ ಬೆಂಗಳೂರೇ ದಿಕ್ಕು. 612 ಕಿಲೋಹರ್ಟ್ಸ್, ಹಳೆ ಲೆಕ್ಕದಲ್ಲಿ 490 ಮೀಟರು. ಮರ್ಫಿಯ ಗಾಜಿನ ಮೇಲೆ ಆ ಜಾಗದಲ್ಲಿ ಅಜ್ಜ ಕುಂಕುಮದ ಬೊಟ್ಟು ಇಟ್ಟಿದ್ದರು. ಹಗಲು ಹೊತ್ತು ಮೀಡಿಯಂ ವೇವಿನ ಅಲೆ ನೆಲ ಹಿಡಿದು ಬರುತ್ತೆ, ಹಾಗಾಗಿ ಹತ್ತಿರದ ಸ್ಟೇಷನ್ನೇ ಗಟ್ಟಿ. ಕತ್ತಲಾದ ಮೇಲೆ ಅದು ಆಕಾಶದ ಮೇಲಿನ ಪದರಕ್ಕೆ ಬಡಿದು ವಾಪಸು ಬೀಳುತ್ತೆ. ಆಗ ನೋಡಿ ಮಜಾ, ತಮಿಳು, ತೆಲುಗು, ಗೊತ್ತಿಲ್ಲದ ಭಾಷೆ, ಎಲ್ಲ ಬಂದು ಬೆಂಗಳೂರಿನ ಮೇಲೇ ಹತ್ತಿ ಕೂರುತ್ತಿದ್ದವು. ನಾಟಕದ ನಾಯಕಿ ಅಳುವ ಹೊತ್ತಿಗೆ ಸರಿಯಾಗಿ ಯಾರೋ ತಮಿಳಿನಲ್ಲಿ ಗೊಬ್ಬರದ ಮಾತಾಡಿಬಿಡೋರು.

ವಾರ್ತೆ ಓದುವವರು ಹೆಸರು ಹೇಳುತ್ತಿದ್ದರು. ಪ್ರದೇಶ ಸಮಾಚಾರದ ನಾಗಮಣಿ ಎಸ್. ರಾವ್ ಹೆಸರು ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೂ ಹಳಬರು ಇವತ್ತಿಗೂ ಗುರುತಿಸುತ್ತಾರೆ. ಆದರೆ ದಿನವಿಡೀ ನಮ್ಮ ಜೊತೆ ಇದ್ದವರು ಉದ್ಘೋಷಕರು. "ಈಗ ಸಮಯ" ಅಂದವರು, ಚಿತ್ರಗೀತೆಗೆ ಮುಂಚೆ ಹಾಡಿದವರ, ಬರೆದವರ, ಸಂಗೀತ ಕೊಟ್ಟವರ ಹೆಸರನ್ನು ತಪ್ಪದೆ ಹೇಳಿದವರು, ಪೇಟೆ ಧಾರಣೆ ಹೇಳಿದವರು. ಊರವರ ಹೆಸರೆಲ್ಲ ಹೇಳಿ ತಮ್ಮ ಹೆಸರು ಮಾತ್ರ ನುಂಗಿಕೊಂಡರು. ಅದೇ ಅಲ್ಲಿನ ಪದ್ಧತಿ. ಬೆಳಿಗ್ಗೆ ಆರಕ್ಕೆ ಮುಂಚೆ ಆ ಶಿವರಂಜಿನಿಯ ಸಿಗ್ನೇಚರ್ ಟ್ಯೂನ್ ಬರಬೇಕಾದರೆ ಒಬ್ಬರು ಐದಕ್ಕೇ ಕುರ್ಚಿಯಲ್ಲಿ ಇರಬೇಕು. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕೈ ತಿರುಗುತ್ತಿರುವ ಪ್ಲೇಟಿನ ಮೇಲೆ. ಅರ್ಧ ನಿಮಿಷ ಮೌನ ಬಿದ್ದರೂ ಪುಸ್ತಕದಲ್ಲಿ ಬರೆದು ಕಾರಣ ಹೇಳಬೇಕು. ಆ ಟ್ಯೂನು ಮಾಡಿದವರು ವಾಲ್ಟರ್ ಕೌಫ್‌ಮನ್, ಯುರೋಪಿನಿಂದ ಜೀವ ಉಳಿಸಿಕೊಂಡು ಬಂದ ಯೆಹೂದಿ. ಅವರ ಹೆಸರನ್ನೂ ಯಾರೂ ಹೇಳಲಿಲ್ಲ ಬಿಡಿ.

ಈ ದನಿಗಳ ಕನ್ನಡ ನಮ್ಮ ಕನ್ನಡ ಆಗಿರಲಿಲ್ಲ, ಇದನ್ನು ಹೇಳಲೇಬೇಕು. ಮಂಡ್ಯದ ಬಾಯಲ್ಲಿ ಹಾಲು ಆಲಾಗುತ್ತೆ, ಹೂವು ಊವಾಗುತ್ತೆ. ರೇಡಿಯೋದಲ್ಲಿ ಒಂದು ಹಕಾರ ಜಾರುವಂತಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು ಅಲೆಯುತ್ತಿದ್ದ ಕಾಲದಲ್ಲಿ ನಾನೂ ಒಂದು ಕಡೆ ಧ್ವನಿ ಪರೀಕ್ಷೆಗೆ ಹೋಗಿದ್ದೆ. ಬಸ್ಸಿನಲ್ಲಿ ಹೋಗುವಾಗೆಲ್ಲ 'ಹಳ್ಳಿ, ಹಳ್ಳಿ' ಅಂತ ಗುನುಗಿದ್ದೇ ಗುನುಗಿದ್ದು. ಮೈಕಿನ ಮುಂದೆ ಊರು ಯಾವುದು ಅಂತ ಕೇಳಿದರು. "ಬೆಸಗ್ರಳ್ಳಿ" ಅಂದೆ. ಅಲ್ಲಿಗೆ ಮುಗೀತು ಪರೀಕ್ಷೆ.

ಈ ಗೋಡೆಯನ್ನು ನಗುನಗುತ್ತಾ ದಾಟಿದವರು ಎ.ಎಸ್. ಮೂರ್ತಿ. ಕಲಾಮಂದಿರದ ಎ.ಎನ್. ಸುಬ್ಬರಾಯರ ಮಗ, ಆಮೇಲೆ ಅಭಿನಯ ತರಂಗ ಕಟ್ಟಿದವರು. ಬೆಂಗಳೂರು ಆಕಾಶವಾಣಿಯಲ್ಲಿ ಅವರು 'ಈರಣ್ಣ' ಆಗಿ ಮಾತಾಡಿದರೆ ಜಗಲಿ ಮೇಲೆ ಕೂತ ಗೌಡರು ಮಾತಾಡಿದಂತೆ ಇರುತ್ತಿತ್ತು. ಎಷ್ಟೋ ರೈತರಿಗೆ ಮೂರ್ತಿ ಯಾರು ಅಂತ ಗೊತ್ತೇ ಇರಲಿಲ್ಲ, ಈರಣ್ಣ ಗೊತ್ತಿದ್ದ. 2012ರಲ್ಲಿ ಮೂರ್ತಿಯವರು ತೀರಿಕೊಂಡಾಗಲೂ ಜನ 'ಆಕಾಶವಾಣಿ ಈರಣ್ಣ ಹೋದ್ರಂತೆ' ಅಂದರು.

ಹಂಗಂತ ರೇಡಿಯೋ ಹೇಳಿದ್ದೆಲ್ಲ ವೇದವಾಕ್ಯ ಆಗಿರಲಿಲ್ಲ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರಿಗೆ ಗುಂಡು ಬಿದ್ದದ್ದು ಬೆಳಿಗ್ಗೆ. ಸಾವಿನ ಸುದ್ದಿಯನ್ನು ಬಿಬಿಸಿ ಹೇಳಿ ಗಂಟೆಗಟ್ಟಲೆ ಆದ ಮೇಲೆ, ಸಂಜೆಗೆ ಆಕಾಶವಾಣಿ ಹೇಳಿತು. ಅಲ್ಲೀವರೆಗೆ ಅಂಗಡಿ ಮುಂದೆ ಜನ ಸೇರಿ, ಬಾಗಿಲು ಹಾಕಬೇಕೋ ಬೇಡವೋ ಅಂತ ಅಜ್ಜ ಒದ್ದಾಡಿದರಂತೆ. ಓದುವವನ ಕೈಗೆ ಕಾಗದ ಬರದೆ ಅವನೇನು ಓದಿಯಾನು? ಆದರೂ ಅವತ್ತು ಬೀಗರ ಮೇಲೆ ಅಜ್ಜನಿಗೆ ಕೋಪ ಬಂದಿತ್ತು.

2001ರ ಜುಲೈನಲ್ಲಿ ಬೆಂಗಳೂರಿಗೆ ಖಾಸಗಿ ಎಫ್‌ಎಂ ಬಂತು. ದೇಶಕ್ಕೇ ಮೊದಲು. ಅಲ್ಲಿಯ ಜಾಕಿಗಳು ಎರಡು ಮಾತಿಗೊಂದು ಸಲ ತಮ್ಮ ಹೆಸರು ಹೇಳುತ್ತಾರೆ, ಗೋಡೆ ಮೇಲೆ ಫೋಟೋ ಬೇರೆ. ತಪ್ಪೇನಿಲ್ಲ. ಆದರೆ ಆಕಾಶವಾಣಿಯ ಎಷ್ಟೋ ದನಿಗಳು ನೌಕರರೇ ಆಗಿರಲಿಲ್ಲ. ಧ್ವನಿ ಪರೀಕ್ಷೆ ಪಾಸು ಮಾಡಿ, ತಿಂಗಳಿಗೆ ಆರು ಪಾಳಿ ಮಾತ್ರ ಸಿಗುತ್ತಿದ್ದ ಹಂಗಾಮಿ ಉದ್ಘೋಷಕರು. ಹಗಲು ಪಾಠ ಹೇಳಿಯೋ ಗುಮಾಸ್ತಿಕೆ ಮಾಡಿಯೋ ಸಂಜೆ ಬಂದು ಮೈಕಿನ ಮುಂದೆ ಕೂರುತ್ತಿದ್ದರು. ಪಾಳಿಗಿಷ್ಟು ಅಂತ ಚೆಕ್ಕು. ಪಿಂಚಣಿ ಇಲ್ಲ, ಬೀಳ್ಕೊಡುಗೆಯ ಹಾರವೂ ಇಲ್ಲ. ಒಂದು ದಿನ ದನಿ ಬರಲ್ಲ, ಅಷ್ಟೇ.

ಅದಕ್ಕಿಂತ ಹೊಟ್ಟೆ ಉರಿಸುವ ವಿಷಯ ಇನ್ನೊಂದಿದೆ. ದೊಡ್ಡ ಸಂಗೀತಗಾರರ ಕಚೇರಿ, ಸಾಹಿತಿಗಳ ಮಾತು, ಇವನ್ನು ಟೇಪಿನಲ್ಲಿ ಕಾಪಿಟ್ಟರು. ಟೇಪು ದುಬಾರಿ, ಬೀರು ಚಿಕ್ಕದು, ಮಿಕ್ಕಿದ್ದನ್ನು ಅಳಿಸಿ ಅದರ ಮೇಲೇ ಇನ್ನೊಂದು ತುಂಬಿಸಿದರು. ಇನ್ನು ಉದ್ಘೋಷಕರು ನೇರವಾಗಿ ಆಡಿದ ಮಾತು ಟೇಪಿಗೇ ಹತ್ತಲಿಲ್ಲ. ಒಂದು ತಲೆಮಾರಿಗೆ ಹೊತ್ತು ಹೇಳಿದ ದನಿ ಇವತ್ತು ಕೇಳಬೇಕೆಂದರೆ ಬಹುಪಾಲು ಸಿಗುವುದಿಲ್ಲ. ದೇಶದಲ್ಲಿ ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳೂ ಒಂದೊಂದಾಗಿ ಮುಚ್ಚುತ್ತಾ ಬಂದಿವೆ. ಈಗ ಆಕಾಶವಾಣಿ ಮೊಬೈಲಿನಲ್ಲೇ ಬರುತ್ತೆ, ಮೂಲೆ ಮೂಲೆಯ ಸ್ಟೇಷನ್ನೂ ಸ್ಪಷ್ಟ. ತಮಿಳು ಗೊಬ್ಬರದ ಕಾಟ ಇಲ್ಲ.

ಮರ್ಫಿ ನಮ್ಮನೆ ಅಟ್ಟದ ಮೇಲಿದೆ. ಕುಂಕುಮದ ಬೊಟ್ಟು ಮಾಸಿದೆ, ವಾಲ್ವು ಸುಟ್ಟಿದೆ. ಹೋದ ತಿಂಗಳು ಅಟ್ಟ ಗುಡಿಸುವಾಗ ಅದರ ಪಕ್ಕದಲ್ಲೇ ಒಂದು ಕ್ಯಾಸೆಟ್ ಸಿಕ್ಕಿತು. ಯಾರೋ ಚಿಕ್ಕಪ್ಪ ರೇಡಿಯೋದಿಂದ ಹಾಡು ಇಳಿಸಿಕೊಂಡದ್ದು. ಹಾಡು ಎಲ್ಲಾದರೂ ಸಿಗುತ್ತೆ. ಆದರೆ ಎರಡು ಹಾಡಿನ ನಡುವೆ ಹೆಣ್ಣುದನಿಯೊಂದು ನಾಲ್ಕು ಸೆಕೆಂಡು ಸಮಯ ಹೇಳುತ್ತೆ: ಎರಡು ಗಂಟೆ ಹತ್ತು ನಿಮಿಷ. ಯಾರ ದನಿಯೋ, ಯಾವ ವರ್ಷದ ಮಧ್ಯಾಹ್ನವೋ. ನಮ್ಮವ್ವ ಕೇಳಿದ ಕೂಡಲೇ "ಅಯ್ಯೋ, ಇವಮ್ಮ!" ಅಂದರು.

ನಿಮ್ಮ ಅಂಗಡಿಯಲ್ಲಿ, ಅಟ್ಟದಲ್ಲಿ ಇಂತಾ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕಬೇಡಿ. ಪತ್ರಿಕೆಗೆ ಒಂದು ಮಾತು ತಿಳಿಸಿ. ನಮ್ಮ ಕಚೇರಿಯ ಟೂ-ಇನ್-ಒನ್ ಇನ್ನೂ ಓಡುತ್ತೆ.