ಹಲಸಂಗಿ ಕಡೆಯಿಂದ ಹಾರ್ಟ್ ಆಪರೇಷನ್‌ಗೆ ಹೊರಡುವವರಿಗೆ

ಆಂಜಿಯೊಗ್ರಾಂ ಆದ ಮೇಲೆ ವೈದ್ಯರು ಪರದೆಯ ಮೇಲೆ ಕಟ್ಟಿಕೊಂಡ ರಕ್ತನಾಳಗಳನ್ನು ತೋರಿಸಿ, "ಸ್ಟೆಂಟ್ ಹಾಕಿದರೆ ಸಾಲದು, ಬೈಪಾಸ್ ಮಾಡಬೇಕು" ಅಂದ ಕೂಡಲೇ ಹಲಸಂಗಿ, ಇಂಡಿ, ಸಿಂದಗಿ ಕಡೆಯ ಮನೆಯವರ ಬಾಯಿಂದ ಬರುವ ಮಾತು ಎರಡೇ. "ರೊಕ್ಕ ಎಷ್ಟಾಗ್ತದ್ರಿ? ಎಷ್ಟು ದಿನ ಇರಬೇಕಾಗ್ತದ್ರಿ?" ಈ ಎರಡಕ್ಕೂ ಉತ್ತರ ಸಿಗುತ್ತದೆ. ಒಳಗೆ ನಮ್ಮವರಿಗೆ ಏನೇನಾಗುತ್ತದೆ, ಅದರಲ್ಲಿ ಯಾವುದು ಸಹಜ, ಯಾವುದು ಅಪಾಯ ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಾಗಾಗಿ ಆಸ್ಪತ್ರೆಯಲ್ಲಿ ಅಂಜಬೇಕಿಲ್ಲದ್ದಕ್ಕೆಲ್ಲ ಅಂಜಿ ಜೀವ ಹಿಂಡಿಕೊಳ್ಳುತ್ತೇವೆ. ಊರಿಗೆ ಬಂದ ಮೇಲೆ ನಿಜವಾಗಿ ಅಂಜಬೇಕಾದ ಲಕ್ಷಣ ಕಂಡರೂ "ನಾಳೆ ನೋಡೋಣ" ಅಂತ ಬಿಟ್ಟುಬಿಡುತ್ತೇವೆ. ಈ ಲೇಖನ ಮುಖ್ಯವಾಗಿ ರೋಗಿಯ ಜೊತೆ ಹೋಗುವವರಿಗೆ.

ಮೊದಲು ಎಲ್ಲಿಗೆ ಹೋಗುವುದು ಅನ್ನುವ ಮಾತು. ಹಲಸಂಗಿ ಸೀಮೆಯವರಿಗೆ ಒಂದು ಕಡೆ ವಿಜಯಪುರ, ಇನ್ನೊಂದು ಕಡೆ ಭೀಮಾ ನದಿ ದಾಟಿದರೆ ಸೊಲ್ಲಾಪುರ. ಸಿಂದಗಿಯವರಿಗೆ ಕಲಬುರಗಿಯ ದಾರಿಯೂ ಇದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಕಲಬುರಗಿಯಲ್ಲಿ 2016ರಲ್ಲಿ ಶಾಖೆ ತೆರೆಯಿತು. 2024ರ ಡಿಸೆಂಬರ್‌ನಲ್ಲಿ ಅಲ್ಲಿ 371 ಹಾಸಿಗೆಗಳ ಸ್ವಂತ ಕಟ್ಟಡವೂ ಆಯಿತು. ಬೆಳಗಾವಿಯ ಕೆಎಲ್ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ ಹೃದಯ ಶಸ್ತ್ರಚಿಕಿತ್ಸೆಗೆ ಹೆಸರಾದದ್ದು. ಆಪರೇಷನ್ ಆದ ಮೇಲೆ ತಪಾಸಣೆಗೆ ಪದೇ ಪದೇ ಹೋಗಬೇಕಾಗುತ್ತದೆ. ಆದ್ದರಿಂದ ಚಿಕಿತ್ಸೆ ಒಂದೇ ಮಟ್ಟದ್ದಾದರೆ ಹತ್ತಿರದ ಊರೇ ಲೇಸು ಅಂತ ನನ್ನ ಅಭಿಪ್ರಾಯ. ದೊಡ್ಡ ಊರು ಅನ್ನುವ ಒಂದೇ ಕಾರಣಕ್ಕೆ ಬೆಂಗಳೂರಿಗೆ ಹೋಗಿ, ಆಮೇಲೆ ಒಂದು ರಕ್ತಪರೀಕ್ಷೆಗೂ ರಾತ್ರಿ ಬಸ್ಸು ಹಿಡಿಯುವ ಸಂಕಟ ಬೇಡ.

ರೊಕ್ಕದ ವಿಷಯ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸಹಕಾರ ಸಂಘದ ಸದಸ್ಯರಾಗಿ ಯಶಸ್ವಿನಿಗೆ ಹಣ ಕಟ್ಟಿದ್ದರೆ ಅದೂ ಇದೆ. ಜನ ಎಡವುವುದು ಒಂದು ಕಾಗದದಲ್ಲಿ: ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ತುರ್ತು ಸ್ಥಿತಿಗೆ ಮಾತ್ರ ವಿನಾಯಿತಿ. ರೇಷನ್ ಕಾರ್ಡು, ಆಧಾರ್, ಆ ಪತ್ರ ಹಿಡಿದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕಾಣಿರಿ. ದಾಖಲಾಗಿ ಮುಂಗಡ ಕಟ್ಟಿದ ಮೇಲೆ ಓಡಾಡಿದರೆ ಕೆಲಸ ಕೆಡುತ್ತದೆ. ಗಡಿಯಾಚೆಯ ಆಸ್ಪತ್ರೆಗೆ ಹೋಗುವುದಾದರೆ ಅದು ನಮ್ಮ ರಾಜ್ಯದ ಯೋಜನೆಯ ಪಟ್ಟಿಯಲ್ಲಿದೆಯೇ ಅಂತ 104ಕ್ಕೆ ಫೋನ್ ಮಾಡಿ ಕೇಳಿಕೊಳ್ಳಬೇಕು.

ರಕ್ತದ ಏರ್ಪಾಡನ್ನೂ ಊರಿನಿಂದಲೇ ಮಾಡಿಕೊಂಡು ಹೋಗುವುದು ಜಾಣತನ. ರಕ್ತ ಕೊಡಲು ನಾಲ್ಕು ಮಂದಿ ಹುಡುಗರನ್ನು ಕರೆತನ್ನಿ ಅಂತ ಹೇಳುವುದು ವಾಡಿಕೆ. ಅವರ ರಕ್ತ ರೋಗಿಯ ಗುಂಪಿನದೇ ಆಗಬೇಕೆಂದಿಲ್ಲ, ರಕ್ತನಿಧಿಯಲ್ಲಿ ಬದಲಿ ಕೊಡುತ್ತಾರೆ. ಹದಿನೆಂಟು ವರ್ಷ ತುಂಬಿರಬೇಕು, ಕನಿಷ್ಠ 45 ಕಿಲೋ ತೂಕವಿರಬೇಕು, ಹಿಂದಿನ ಮೂರು ತಿಂಗಳಲ್ಲಿ ರಕ್ತ ಕೊಟ್ಟಿರಬಾರದು. ಒಂದು ವರ್ಷದೊಳಗೆ ಹಚ್ಚೆ ಹಾಕಿಸಿಕೊಂಡವರನ್ನು ವಾಪಸ್ ಕಳಿಸುತ್ತಾರೆ. ಜಾತ್ರೆಯಲ್ಲಿ ತೋಳಿಗೆ ಹೆಸರು ಬರೆಸಿಕೊಂಡು ಬಂದ ಹುಡುಗನನ್ನು ಅಷ್ಟು ದೂರ ಕರೆದೊಯ್ದು ಉಪಯೋಗವಿಲ್ಲ. ಉಪವಾಸ ಇದ್ದು ಬರುವುದೂ ಬೇಡ, ಉಂಡು ಬರಲಿ.

ತೀರ ತುರ್ತಲ್ಲದಿದ್ದರೆ ಒಂದೆರಡು ದಿನ ಮೊದಲೇ ದಾಖಲು ಮಾಡಿಕೊಳ್ಳುತ್ತಾರೆ. ಎಕೋ, ಎದೆಯ ಎಕ್ಸ್‌ರೇ, ಮೂತ್ರಪಿಂಡ ಮತ್ತು ಸಕ್ಕರೆಯ ಪರೀಕ್ಷೆ, ಹಲವರಿಗೆ ಕುತ್ತಿಗೆಯ ನಾಳಗಳ ಸ್ಕ್ಯಾನ್. ಕವಾಟದ ಆಪರೇಷನ್ ಆದರೆ ಹಲ್ಲನ್ನೂ ನೋಡುತ್ತಾರೆ, ಏಕೆಂದರೆ ಹುಳುಕು ಹಲ್ಲಿನ ಸೋಂಕು ರಕ್ತದ ಮೂಲಕ ಹೊಸ ಕವಾಟಕ್ಕೆ ಅಂಟಬಹುದು. ರಕ್ತ ತೆಳುವಾಗಿಸುವ ಕೆಲವು ಗುಳಿಗೆಗಳನ್ನು ಐದಾರು ದಿನ ಮೊದಲೇ ನಿಲ್ಲಿಸಬೇಕು, ಕೆಲವನ್ನು ನಿಲ್ಲಿಸಲೇಬಾರದು. ಇದನ್ನು ನಾವು ನಿರ್ಧರಿಸುವಂತಿಲ್ಲ. ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಎಲ್ಲ ಗುಳಿಗೆಗಳನ್ನೂ, ಊರ ವೈದ್ಯರು ಕೊಟ್ಟ ಪುಡಿ ಕಷಾಯಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ತಂಬಾಕಿನ ವಿಷಯದಲ್ಲಿ ನಾಚಿಕೆ ಬೇಡ. ಸುಣ್ಣ ತಂಬಾಕು ತಿಕ್ಕಿ ಬಾಯಿಗೆ ಹಾಕುವುದು, ಗುಟ್ಕಾ, ಬೀಡಿ ಯಾವುದಿದ್ದರೂ ನಿಜ ಹೇಳಬೇಕು. ಬೀಡಿ ಸೇದಿದ ಶ್ವಾಸಕೋಶದಲ್ಲಿ ಆಪರೇಷನ್ ನಂತರ ಕಫ ಕಟ್ಟುತ್ತದೆ. ಅದು ಗೊತ್ತಿದ್ದರೆ ಅವರು ಸಿದ್ಧರಾಗಿರುತ್ತಾರೆ. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಉಸಿರಾಟದ ಸಾಧನವನ್ನು ಕೈಗೆ ಕೊಟ್ಟು, ಉಸಿರು ಒಳಗೆಳೆದು ಚೆಂಡು ಮೇಲೇಳುವಂತೆ ಅಭ್ಯಾಸ ಮಾಡಿಸುತ್ತಾರೆ. ಮಕ್ಕಳ ಆಟಿಗೆ ಅಂತ ಬದಿಗಿಡುವವರು ಬಹಳ. ಆಪರೇಷನ್ ಆದ ಮೇಲೆ ನ್ಯುಮೋನಿಯಾ ಬಾರದಂತೆ ತಡೆಯುವುದು ಅದೇ.

ಹಿಂದಿನ ರಾತ್ರಿ ಮೈಕೂದಲು ತೆಗೆದು, ಔಷಧದ ಸಾಬೂನಿನಿಂದ ಸ್ನಾನ ಮಾಡಿಸುತ್ತಾರೆ. ಮಧ್ಯರಾತ್ರಿಯ ನಂತರ ಊಟವಿಲ್ಲ. ನೀರಿನ ಬಗ್ಗೆ ಅವರು ಹೇಳಿದಂತೆ. ಮೈಮೇಲೆ ತಾಳಿ, ಕಾಲುಂಗುರ, ಮೂಗುತಿ, ಉಡದಾರ, ತಾವೀಜು ಯಾವುದೂ ಇರಬಾರದು. ನಮ್ಮ ಕಡೆ ಇದರಲ್ಲಿ ದೊಡ್ಡ ತಳಮಳ ಕೊರಳ ಲಿಂಗದ್ದು. ಹುಟ್ಟಿದಾಗಿನಿಂದ ಕರಡಿಗೆ ತೆಗೆಯದ ಹಿರಿಯರು "ಲಿಂಗ ಬಿಟ್ಟು ಇರಂಗಿಲ್ಲ, ಬೇಕಾದ್ರ ಆಪರೇಷನ್ನೇ ಬ್ಯಾಡ" ಅಂತ ಸ್ಟ್ರೆಚರ್ ಮೇಲೆ ಮಲಗಿ ಹಟ ಹಿಡಿದರೆ, ಆ ಹೊತ್ತಿನಲ್ಲಿ ಅವರ ರಕ್ತದೊತ್ತಡ ಏರುವುದನ್ನು ಯಂತ್ರವೇ ತೋರಿಸುತ್ತದೆ. ಆ ಹಟವನ್ನು ಅಜ್ಞಾನ ಅಂತ ತಳ್ಳಿಹಾಕುವುದು ತಪ್ಪು. ಅವರ ಪಾಲಿಗೆ ಅದು ಪ್ರಾಣದ ಮಾತು. ಊರು ಬಿಡುವ ಮೊದಲೇ ತಮ್ಮ ಮಠದ ಗುರುಗಳ ಬಾಯಿಂದ ಒಂದು ಮಾತು ಹೇಳಿಸಿ. ಲಿಂಗ ಯಾರ ಕೈಯಲ್ಲಿರುತ್ತದೆ, ಎಚ್ಚರವಾದ ಮೇಲೆ ಯಾರು ತಂದು ತೋರಿಸುತ್ತಾರೆ ಅಂತ ಗೊತ್ತು ಮಾಡಿ, ಹಿಂದಿನ ರಾತ್ರಿ ಅವರೇ ತಮ್ಮ ಕೈಯಾರೆ ಆ ಮಗನಿಗೋ ಸೊಸೆಗೋ ಒಪ್ಪಿಸಲಿ. ನರ್ಸಮ್ಮನಿಗೂ ವಿಷಯ ತಿಳಿಸಿರಿ, ಅವರು ಆತುರ ಮಾಡುವುದಿಲ್ಲ.

ಆಪರೇಷನ್‌ಗೆ ಸಾಮಾನ್ಯವಾಗಿ ಮೂರರಿಂದ ಆರು ತಾಸು. ಅರಿವಳಿಕೆ ಕೊಟ್ಟು ಸಿದ್ಧ ಮಾಡುವುದಕ್ಕೇ ಒಂದು ತಾಸಿಗಿಂತ ಹೆಚ್ಚು ಹಿಡಿಯಬಹುದು. ಬೆಳಗ್ಗೆ ಎಂಟಕ್ಕೆ ಹೋದವರು ಮಧ್ಯಾಹ್ನವಾದರೂ ಹೊರಬರಲಿಲ್ಲ ಅಂದರೆ ಕೇಡಾಯಿತು ಅಂತ ತಿಳಿಯಬೇಡಿ. ಎದೆಯ ನಡುವಿನ ಎಲುಬನ್ನು ಉದ್ದಕ್ಕೆ ಸೀಳಿ ಹೃದಯ ತಲುಪುತ್ತಾರೆ. ಎದೆಯ ಒಳಗೋಡೆಯ ಒಂದು ಧಮನಿ, ಕಾಲಿನ ಅಥವಾ ಮುಂಗೈಯ ರಕ್ತನಾಳ ತೆಗೆದು, ಕಟ್ಟಿಕೊಂಡ ಜಾಗದಾಚೆ ಜೋಡಿಸುತ್ತಾರೆ. "ಹಾರ್ಟಿನ ಆಪರೇಷನ್ನಿಗೆ ಕಾಲು ಯಾಕ್ ಕೊಯ್ದಾರ?" ಅನ್ನುವ ಪ್ರಶ್ನೆಗೆ ಉತ್ತರ ಇದು. ಕವಾಟದ ಆಪರೇಷನ್‌ನಲ್ಲಿ ಹೃದಯವನ್ನು ನಿಲ್ಲಿಸಿ, ಅದರ ಮತ್ತು ಶ್ವಾಸಕೋಶದ ಕೆಲಸವನ್ನು ಯಂತ್ರಕ್ಕೆ ವಹಿಸುತ್ತಾರೆ. ಬೈಪಾಸನ್ನು ನಮ್ಮ ದೇಶದ ಅನೇಕ ಸರ್ಜನ್ನರು ಹೃದಯ ಬಡಿಯುತ್ತಿರುವಾಗಲೇ ಮಾಡುತ್ತಾರೆ. ಆ ಯಂತ್ರವನ್ನು ಅಮೆರಿಕದ ಜಾನ್ ಗಿಬ್ಬನ್ ಮನುಷ್ಯರ ಮೇಲೆ ಬಳಸಿ ಮೊದಲ ಸಲ ಗೆದ್ದದ್ದು 1953ರ ಮೇ 6ರಂದು. ಹಲಸಂಗಿ ಗೆಳೆಯರ ಗುಂಪಿನ ಕವಿ ಮಧುರಚೆನ್ನರು ತೀರಿಕೊಂಡದ್ದೂ ಅದೇ ವರ್ಷ. ಅವರ ಕಾಲದಲ್ಲಿ ಹೃದಯದ ಕಾಯಿಲೆಗೆ ಈ ಸೀಮೆಯಲ್ಲಿ ವಿಶ್ರಾಂತಿಯ ಹೊರತು ಹೆಚ್ಚೇನೂ ಇರಲಿಲ್ಲ. ಇವತ್ತು ಒಂದೇ ದಿನದ ಹಾದಿಯಲ್ಲಿ ಇಷ್ಟು ಆಸ್ಪತ್ರೆಗಳಿವೆ.

ಇನ್ನು ಐಸಿಯು. ಮನೆಯವರು ಕುಸಿಯುವ ಜಾಗ ಇದೇ. ಐದು ನಿಮಿಷ ಒಬ್ಬರನ್ನು ಒಳಗೆ ಬಿಡುತ್ತಾರೆ. ಮುಖ ಬಾತಿರುತ್ತದೆ, ಬಣ್ಣ ಬಿಳಿಚಿರುತ್ತದೆ, ಕೈ ಮುಟ್ಟಿದರೆ ತಣ್ಣಗೆ. ಬಾಯಲ್ಲಿ ಉಸಿರಾಟದ ಪೈಪು, ಅದಕ್ಕಾಗಿಯೇ ಮಾತು ಬರುವುದಿಲ್ಲ. ಧ್ವನಿ ಹೋಗಿಲ್ಲ. ಮೂಗಿನಲ್ಲಿ ಹೊಟ್ಟೆಗಿಳಿದ ಪೈಪು, ಕುತ್ತಿಗೆಯಲ್ಲಿ ಔಷಧದ ನಳಿಕೆ, ಮಣಿಕಟ್ಟಿನಲ್ಲಿ ಒತ್ತಡ ಅಳೆಯುವ ಸೂಜಿ, ಮೂತ್ರದ ಚೀಲ. ಎದೆಯ ಕೆಳಗಿನಿಂದ ಎರಡು ಮೂರು ಪೈಪು ಮಂಚದ ಬದಿಯ ಡಬ್ಬಿಗೆ ಇಳಿದಿರುತ್ತವೆ. ಅದರಲ್ಲಿ ಕೆಂಪು ನೀರು ತುಂಬುವುದು ಕಂಡು ತಲೆ ತಿರುಗಬಹುದು. ಎದೆಯೊಳಗೆ ಉಳಿದ ರಕ್ತ ಹೊರಬರಲೆಂದೇ ಆ ಪೈಪು. ಡಬ್ಬಿಯ ಮೇಲಿನ ಗೆರೆ ನೋಡಿ ತಾಸಿಗೆ ಎಷ್ಟು ಬಂತು ಅಂತ ನರ್ಸ್ ಬರೆದಿಡುತ್ತಾರೆ. ಕೈಗಳನ್ನು ಮಂಚಕ್ಕೆ ಮೆತ್ತನೆಯ ಪಟ್ಟಿಯಿಂದ ಕಟ್ಟಿರಬಹುದು. ಅರೆಎಚ್ಚರದಲ್ಲಿ ಪೈಪು ಕಿತ್ತುಕೊಳ್ಳಬಾರದಲ್ಲ, ಅದಕ್ಕೆ. ಎಲ್ಲ ಸರಿಯಿದ್ದರೆ ಹೆಚ್ಚಿನವರಿಗೆ ಮರುದಿನ ಬೆಳಗಿನೊಳಗೆ ಬಾಯಿಯ ಪೈಪು ತೆಗೆಯುತ್ತಾರೆ. ಆಗ ಅವರು ಕೇಳುವ ಮೊದಲ ವಸ್ತು ನೀರು. ಕೊಡುವುದು ಚಮಚೆ ಚಮಚೆ, ಅದೂ ಅಳತೆಯಿಟ್ಟು. ಬೇಡಿದಷ್ಟು ನೀರು ಕೊಟ್ಟರೆ ಹೃದಯಕ್ಕೂ ಶ್ವಾಸಕೋಶಕ್ಕೂ ಭಾರ. "ಒಂದು ಗುಟುಕು ನೀರಿಗೂ ಬಡಿದಾಡಿಸ್ತಾರ" ಅಂತ ನರ್ಸುಗಳ ಮೇಲೆ ಸಿಟ್ಟಾಗಬೇಡಿ.

ವಯಸ್ಸಾದವರಲ್ಲಿ ಇನ್ನೊಂದು ಕಾಣಿಸಬಹುದು. ಎರಡನೆಯ ಅಥವಾ ಮೂರನೆಯ ರಾತ್ರಿ ಇದ್ದಕ್ಕಿದ್ದಂತೆ ಗುರುತು ತಪ್ಪುತ್ತದೆ. ಸತ್ತ ಅಣ್ಣನನ್ನು ಕರೆಯುತ್ತಾರೆ, ಮನೆಯ ಎತ್ತು ಬಿಚ್ಚಿಕೊಂಡು ಹೋಯಿತು ಅಂತ ಏಳಲು ನೋಡುತ್ತಾರೆ, ಸ್ವಂತ ಮಗನನ್ನೇ ಬೈಯುತ್ತಾರೆ. ಗಾಳಿ ಬಡಿಯಿತು ಅಂತ ಅಂತ್ರ ತರಿಸಲು ಓಡುವವರಿದ್ದಾರೆ, ತಲೆ ಕೆಟ್ಟಿತು ಅಂತ ಅಳುವವರಿದ್ದಾರೆ. ಅರಿವಳಿಕೆ, ನೋವಿನ ಔಷಧ, ನಿದ್ದೆಗೇಡು, ಹಗಲು ರಾತ್ರಿ ಒಂದೇ ಥರ ಉರಿಯುವ ದೀಪ ಸೇರಿ ಆಗುವ ಗೊಂದಲ ಅದು. ವೈದ್ಯರಿಗೆ ತಿಳಿಸಲೇಬೇಕು, ಆದರೆ ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಒಳಗೆ ಬಿಟ್ಟಾಗ ಅವರ ಕನ್ನಡಕ, ಕಿವಿಯ ಮಿಷನ್ ಹಾಕಿಸಿ, ಹೆಸರು ಹಿಡಿದು ಕರೆದು, "ಅಪ್ಪಾ, ನಾ ನಿನ್ನ ಮಗ. ಆಪರೇಷನ್ ಆಗ್ಯದ. ಇವತ್ತು ಗುರುವಾರ, ಮುಂಜಾನೆ ಹತ್ತು ಗಂಟೆ" ಅಂತ ಮೆಲ್ಲಗೆ ಹೇಳಿ. ವಾದ ಮಾಡಬೇಡಿ. ಇದು ಔಷಧದಷ್ಟೇ ಕೆಲಸ ಮಾಡುತ್ತದೆ.

ಎರಡು ಮೂರು ದಿನಕ್ಕೆ ವಾರ್ಡಿಗೆ ಬರುತ್ತಾರೆ. ಅಷ್ಟರೊಳಗೇ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಹೆಜ್ಜೆ ನಡೆಸಿರುತ್ತಾರೆ. "ಎದಿ ಕೊಯ್ದ ಮನಶಾನ್ನ ನಡಸ್ತೀರೇನ್ರಿ?" ಅಂತ ಅಡ್ಡ ಬರಬೇಡಿ. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಎದೆಯಲ್ಲಿ ಕಫ ಕೂರುತ್ತದೆ. ಕೆಮ್ಮುವಾಗ ದಿಂಬನ್ನು ಎದೆಗೆ ಅಪ್ಪಿ ಹಿಡಿಯಬೇಕು. ಏಳುವಾಗ ಕೈಯೂರಬಾರದು, ತೋಳು ಹಿಡಿದು ಎಬ್ಬಿಸಲೂಬಾರದು. ಬೆನ್ನಿಗೆ ಕೈಕೊಟ್ಟು ಎಬ್ಬಿಸಿ. ಈ ದಿನಗಳಲ್ಲಿ ನಾಡಿ ಏರುಪೇರಾಗಿ ಓಡುವುದು ಅನೇಕರಿಗೆ ಆಗುತ್ತದೆ, ಔಷಧಕ್ಕೆ ಬಗ್ಗುತ್ತದೆ. ಬಾಯಿ ರುಚಿ ಕೆಟ್ಟು ಊಟ ಸೇರುವುದಿಲ್ಲ, ಮಲಬದ್ಧತೆ ಕಾಡುತ್ತದೆ, ಗಟ್ಟಿ ಮನುಷ್ಯರೂ ಕಾರಣವಿಲ್ಲದೆ ಅಳುತ್ತಾರೆ. ಇವೆಲ್ಲ ಇಳಿಯುವಂಥವು. ಅಳು, ಮಂಕು ವಾರಗಟ್ಟಲೆ ಉಳಿದರೆ ವೈದ್ಯರಿಗೆ ಹೇಳಿ. ತೊಡಕಿಲ್ಲದಿದ್ದರೆ ಆಪರೇಷನ್ ಆದ ಏಳರಿಂದ ಹತ್ತು ದಿನದೊಳಗೆ ಡಿಸ್ಚಾರ್ಜ್.

ಊರಿಗೆ ಬಂದ ಮೇಲೆ ನೋಡಲು ಬರುವವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುವ ಗಟ್ಟಿತನ ಮನೆಯ ಒಬ್ಬರಿಗಾದರೂ ಇರಬೇಕು. ಕೆಮ್ಮು ನೆಗಡಿ ಇದ್ದವರು ಒಳಗೆ ಬರುವುದು ಬೇಡ. ಎದೆಯ ಎಲುಬನ್ನು ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ಆ ತಂತಿ ಒಳಗೇ ಇರುತ್ತದೆ, ತೆಗೆಸಬೇಕಿಲ್ಲ. ಎಲುಬು ಕೂಡಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ಕೊಡ ಎತ್ತುವುದು, ಬೋರಿನ ಕೈಪಂಪು ಹೊಡೆಯುವುದು, ಮೊಮ್ಮಕ್ಕಳನ್ನು ಎತ್ತುವುದು, ಬೈಕು ಓಡಿಸುವುದು ಇಲ್ಲ. ಕುಕ್ಕರಗಾಲಿನ ಪಾಯಖಾನೆಯಿಂದ ಏಳಲು ಕೈಯೂರಬೇಕಾಗುತ್ತದೆ, ಆದ್ದರಿಂದ ಕಮೋಡ್ ಕುರ್ಚಿಯೊಂದನ್ನು ಮೊದಲೇ ತಂದಿಡಿ. ಊಟಕ್ಕೆ ಜೋಳದ ರೊಟ್ಟಿ, ಬೇಳೆ, ಪಲ್ಯ ಚೆನ್ನಾಗಿಯೇ ಆಗುತ್ತದೆ. ಬಿಡಬೇಕಾದ್ದು ಉಪ್ಪಿನಕಾಯಿ, ಹಪ್ಪಳ, ಚಟ್ನಿ ಪುಡಿಯ ಮೇಲಿನ ಎಣ್ಣೆ. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಗುಳಿಗೆಯನ್ನು ಜೀವನಪರ್ಯಂತ ತೆಗೆದುಕೊಂಡು, ಆಗಾಗ ಐಎನ್ಆರ್ ಅನ್ನುವ ರಕ್ತಪರೀಕ್ಷೆ ಮಾಡಿಸಬೇಕು. ಅಂಥವರು ಮೆಂತ್ಯ, ಪುಂಡಿ, ಸಬ್ಬಸಿಗೆ ಸೊಪ್ಪು ಬಿಡಬೇಕಿಲ್ಲ. ಒಂದು ವಾರ ರಾಶಿ ತಿಂದು ಮರುವಾರ ನಿಲ್ಲಿಸಿದರೆ ಮಾತ್ರ ಗುಳಿಗೆಯ ಅಳತೆ ತಪ್ಪುತ್ತದೆ.

ಈಗ ಅಂಜಬೇಕಾದ ಲಕ್ಷಣಗಳು. ಜ್ವರ. ಗಾಯ ಕೆಂಪಾಗಿ ನೀರು ಅಥವಾ ಕೀವು ಒಸರುವುದು. ಕೆಮ್ಮಿದಾಗ ಎದೆಯ ಎಲುಬು ಕಟಕ್ ಅಂದು ಅಲುಗಿದಂತಾಗುವುದು. ಎರಡು ಮೂರು ದಿನದಲ್ಲಿ ಒಂದೆರಡು ಕಿಲೋ ತೂಕ ಏರಿ ಕಾಲು ಬಾಯುವುದು. ಮಲಗಿದರೆ ಉಸಿರು ಕಟ್ಟುವುದು. ಸಕ್ಕರೆ ಕಾಯಿಲೆಯವರಲ್ಲಿ ಗಾಯದ ಸೋಂಕು ಬೇಗ ಆಳಕ್ಕಿಳಿಯುತ್ತದೆ, ಅರಿಸಿನ ಮೆತ್ತಿ ಕಾಯಬಾರದು. ಆಪರೇಷನ್ ಮಾಡಿದ ಆಸ್ಪತ್ರೆಗೆ ಅದೇ ದಿನ ಫೋನ್ ಮಾಡಿ. ಡಿಸ್ಚಾರ್ಜ್ ಕಾಗದದ ಮೇಲೆ ನಂಬರ್ ಇರುತ್ತದೆ, ಇಲ್ಲದಿದ್ದರೆ ಹೊರಡುವ ಮೊದಲೇ ಕೇಳಿ ಬರೆಸಿಕೊಳ್ಳಿ. ಎದೆನೋವು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ 108. ಆಂಬುಲೆನ್ಸ್‌ನವರ ಕೈಗೆ ಆ ಡಿಸ್ಚಾರ್ಜ್ ಕಾಗದ, ಗುಳಿಗೆಯ ಚೀಲ ಎರಡನ್ನೂ ಕೊಡಿ.