ಒಗಟು ಒಡೆಯೋಣ, ಕಲ್ಲನ್ನಲ್ಲ

ಕಚೇರಿಯ ಸೂಚನಾ ಫಲಕದಲ್ಲಿ ಒಂದು ದಿನ ಹೀಗೊಂದು ಸುತ್ತೋಲೆ ಕಾಣಿಸಬಹುದು: ಬರುವ ಶನಿವಾರ ಸಿಬ್ಬಂದಿಯೆಲ್ಲರೂ ಅರಸೀಕೆರೆ, ಹಳೇಬೀಡು, ಬೇಲೂರಿಗೆ ಹೊರಡತಕ್ಕದ್ದು, ಅಲ್ಲಿ ತಂಡಗಳಾಗಿ ಒಗಟು ಬಿಡಿಸುತ್ತ ಸ್ಥಳಗಳನ್ನು ಹುಡುಕುವ ಆಟವಿದೆ. ಓದಿದ ಕೂಡಲೇ ಹಿರಿಯರಿಗೆ ಒಂದು ಚಿಂತೆ: ಈ ವಯಸ್ಸಿನಲ್ಲಿ ಓಡಬೇಕೆ? ಹೊಸಬರಿಗೆ ಇನ್ನೊಂದು: ತಪ್ಪು ಉತ್ತರ ಹೇಳಿ ಸಾಹೇಬರ ಮುಂದೆ ನಗೆಪಾಟಲಾದರೆ? ಈ ಎರಡೂ ಭಯ ಬೇಕಿಲ್ಲ. ಆಟದ ಸ್ವರೂಪವನ್ನು ಮೊದಲೇ ತಿಳಿದುಕೊಂಡರೆ ಅದು ಕಾಲಿಗಿಂತ ಕಣ್ಣಿಗೆ ಹೆಚ್ಚು ಕೆಲಸ ಕೊಡುವ ಆಟವೆಂಬುದು ನಿಮಗೇ ಗೊತ್ತಾಗುತ್ತದೆ.

ಆಟ ನಡೆಯುವ ಬಗೆ

ಸಾಮಾನ್ಯವಾಗಿ ಐದಾರು ಜನರಿಗೆ ಒಂದು ತಂಡ. ತಂಡಕ್ಕೊಂದು ನಕ್ಷೆ, ಉತ್ತರ ಬರೆಯುವ ಹಾಳೆ ಮತ್ತು ಮೊದಲ ಸುಳಿವಿರುವ ಲಕೋಟೆ ಸಿಗುತ್ತವೆ. ಸುಳಿವನ್ನು ಬಿಡಿಸಿದರೆ ಒಂದು ಜಾಗ ತಿಳಿಯುತ್ತದೆ. ಅಲ್ಲಿ ಹೋಗಿ, ನೋಡಿ, ಉತ್ತರ ಬರೆದು ಆಯೋಜಕರಿಗೆ ತೋರಿಸಿದರೆ ಮುಂದಿನ ಲಕೋಟೆ. ತೀರಾ ತೋಚದಿದ್ದರೆ ಸಹಾಯ ಕೇಳಬಹುದು. ಒಂದೆರಡು ಅಂಕ ಕಳೆಯುತ್ತಾರೆ, ಅಷ್ಟೇ. ಒಂದೇ ಕಡೆ ಗುಂಪುಗೂಡದಿರಲೆಂದು ತಂಡಗಳನ್ನು ಬೇರೆ ಬೇರೆ ಸುಳಿವುಗಳಿಂದ ಹೊರಡಿಸುವುದೂ ಉಂಟು.

ನಕ್ಷೆ, ದಿಕ್ಸೂಚಿಗಳ ಸಹಾಯದಿಂದ ಗುರುತುಗಳನ್ನು ಹುಡುಕುವ ‘ಓರಿಯೆಂಟೀರಿಂಗ್’ ಈ ಆಟದ ಹತ್ತಿರದ ಬಂಧು. 1919ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ಬಳಿ ಅರ್ನ್ಸ್ಟ್ ಕಿಲ್ಲಾಂಡರ್ ಏರ್ಪಡಿಸಿದ ದೊಡ್ಡ ಸ್ಪರ್ಧೆಯಿಂದ ಅದು ಜನಪ್ರಿಯವಾಯಿತು. ಒಗಟಿನ ಭಾಗಕ್ಕಂತೂ ನಾವು ಯಾರಿಂದಲೂ ಸಾಲ ಪಡೆಯಬೇಕಿಲ್ಲ. ಜಗಲಿಯ ಮೇಲೆ ಕುಳಿತು ‘ಸೋತೆ ಅನ್ನು, ಹೇಳ್ತೀನಿ’ ಎಂದು ಕಾಡಿಸಿದ ಅಜ್ಜಿಯರು ಎಲ್ಲರ ಮನೆಯಲ್ಲೂ ಇದ್ದವರೇ.

ಅರಸೀಕೆರೆಯಲ್ಲಿ ಮೊದಲ ಪಾಠ

ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಲ್ಲಿ ಅರಸೀಕೆರೆ ದೊಡ್ಡ ಜಂಕ್ಷನ್ ಆದುದರಿಂದ ಇಲ್ಲಿಂದ ಆರಂಭಿಸುವುದು ಅನುಕೂಲ. ಇಲ್ಲಿಯ ಈಶ್ವರ ದೇವಾಲಯ ಸುಮಾರು 1220ರದು. ಅದರ ತೆರೆದ ಮಂಟಪದ ತಳವಿನ್ಯಾಸ ನಕ್ಷತ್ರದಂತಿದೆ. ನಿಮ್ಮ ಲಕೋಟೆಯಲ್ಲಿ ಹೀಗೊಂದು ಸುಳಿವು ಇರಬಹುದು: ‘ನೆಲಕ್ಕಿಳಿದ ನಕ್ಷತ್ರಕ್ಕೆ ಮೊನೆ ಎಷ್ಟು?’

ಎಲ್ಲರೂ ಒಟ್ಟಿಗೆ ಸುತ್ತು ಹಾಕುತ್ತ ಎಣಿಸಿದರೆ ಎಲ್ಲಿಂದ ಆರಂಭಿಸಿದೆವೆಂಬುದೇ ಮರೆತುಹೋಗುತ್ತದೆ. ಒಬ್ಬರು ಹದಿನಾಲ್ಕು ಎಂದರೆ ಇನ್ನೊಬ್ಬರು ಹದಿನೇಳು ಎನ್ನುತ್ತಾರೆ. ಆಗ ಮೊಣಕಾಲು ನೋವಿನ ಹಿರಿಯರೊಬ್ಬರು, ‘ನಾನು ಈ ಮೊನೆಯ ಹತ್ತಿರ ನಿಂತಿರುತ್ತೇನೆ, ನೀವು ಸುತ್ತಿ ಬನ್ನಿ’ ಎಂದರೆ ಸಾಕು, ಲೆಕ್ಕ ಸರಿಹೋಗುತ್ತದೆ: ಹದಿನಾರು. ನಿಂತವರೂ ನಡೆದವರಷ್ಟೇ ಕೆಲಸ ಮಾಡಿದಂತಾಯಿತು. ತಂಡವೆಂದರೇನು ಎಂಬುದಕ್ಕೆ ಇದಕ್ಕಿಂತ ಸರಳ ಪಾಠ ಬೇರೆ ಬೇಕಿಲ್ಲ.

ಹಳೇಬೀಡಿನ ಸಾಲುಗಳು

ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಬರಬಹುದು. ದೋರಸಮುದ್ರವೆಂಬ ಹೆಸರಿನಿಂದ ಹೊಯ್ಸಳರ ರಾಜಧಾನಿಯಾಗಿದ್ದ ಊರು ಇದು. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಬುಡದಲ್ಲಿ ಒಂದರ ಮೇಲೊಂದು ಸಾಲುಗಳಿವೆ. ‘ಬಲದ ಮೇಲೆ ಧೈರ್ಯ ನಿಂತಿತು; ಇವೆರಡರ ಮೇಲೆ ಓಡುವವರು ಯಾರು?’ ಎಂದು ಸುಳಿವು ಕೇಳಿದರೆ ಕೆಳಗಿನಿಂದ ನೋಡುತ್ತ ಬನ್ನಿ. ಆನೆಗಳು, ಸಿಂಹಗಳು, ನಡುವೆ ಒಂದು ಬಳ್ಳಿಯ ಸಾಲು, ಅದರ ಮೇಲೆ ಕುದುರೆ ಸವಾರರು. ಅವಸರದವರು ಬಳ್ಳಿಯಲ್ಲೇ ಸಿಕ್ಕಿಬಿದ್ದು ತಪ್ಪುತ್ತಾರೆ. ಇನ್ನೂ ಮೇಲೆ ಪುರಾಣ ಕಥೆಗಳ ಸಾಲು, ಮಕರಗಳು, ಹಂಸಗಳು. ಅಜ್ಜಿಯಿಂದ ರಾಮಾಯಣ, ಭಾರತ ಕೇಳಿ ಬೆಳೆದ ಸಹೋದ್ಯೋಗಿ ನಿಮ್ಮ ತಂಡದಲ್ಲಿದ್ದರೆ ಇಲ್ಲಿ ಅವರೇ ನಾಯಕರು, ಕಚೇರಿಯಲ್ಲಿ ಅವರ ಹುದ್ದೆ ಏನೇ ಇರಲಿ.

‘ಒಡೆಯನಿಗೆ ಕೊಟ್ಟ ಮಾತು ಕಲ್ಲಾಗಿ ನಿಂತಿದೆ’ ಎಂಬ ಸುಳಿವು ಬಂದರೆ ಆವರಣದಲ್ಲಿರುವ ಗರುಡಗಂಬವನ್ನು ಹುಡುಕಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನು ದೊರೆಯ ಮರಣಾನಂತರ ತನ್ನವರೊಡನೆ ಪ್ರಾಣ ಬಿಟ್ಟುದನ್ನು ಅಲ್ಲಿಯ ಕನ್ನಡ ಶಾಸನ ತಿಳಿಸುತ್ತದೆ. ಇಂಥ ಕಡೆ ಉತ್ತರ ಬರೆದುಕೊಂಡು ಓಡಬೇಡಿ, ಒಂದು ನಿಮಿಷ ನಿಲ್ಲಿ. ಆ ಒಂದು ನಿಮಿಷಕ್ಕೆ ಅಂಕ ಹೋದರೆ ಹೋಗಲಿ.

ಬೇಲೂರಿನ ಲೆಕ್ಕ

ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರ್. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ದೇವಾಲಯದಲ್ಲಿ ಮದನಿಕೆಯರನ್ನು ಎಣಿಸುವ ಕೆಲಸ ಬಂದೇ ಬರುತ್ತದೆ. ಹೊರಗೆ ಸುತ್ತಿ ಬಂದವರು 38 ಎಂದು ಬರೆಯುತ್ತಾರೆ. ಸಾಮಾನ್ಯವಾಗಿ ಹೇಳುವ ಲೆಕ್ಕ 42. ಉಳಿದ ನಾಲ್ವರು ಒಳಗೆ, ನವರಂಗದ ಮೇಲ್ಭಾಗದಲ್ಲಿದ್ದಾರೆ. ತಂಡವನ್ನು ಎರಡಾಗಿ ಹಂಚಿಕೊಂಡು, ಒಳಗೆ ಹೋದವರೂ ಹೊರಗೆ ಸುತ್ತಿದವರೂ ಕೊನೆಗೆ ಕುಳಿತು ಮಾತನಾಡಿದರೆ ಮಾತ್ರ ಉತ್ತರ ಪೂರ್ತಿಯಾಗುತ್ತದೆ. ಕಚೇರಿಯ ಎಷ್ಟೋ ತೊಡಕುಗಳು ಇಂಥವೇ ಅಲ್ಲವೆ? ಇಬ್ಬರ ಲೆಕ್ಕವೂ ಸರಿ, ಕೂಡಿಸುವವರು ಮಾತ್ರ ಇಲ್ಲ.

ನಿಧಿ ಎಂಬ ಮಾತು

ಈ ಆಟವನ್ನು ಕೆಲವರು ‘ಟ್ರೆಷರ್ ಹಂಟ್’, ನಿಧಿ ಹುಡುಕಾಟ ಎನ್ನುತ್ತಾರೆ. ನಮ್ಮ ಊರುಗಳಲ್ಲಿ ಆ ಮಾತಾಡುವಾಗ ಎಚ್ಚರವಿರಲಿ. ನಿಧಿಯ ಆಸೆಗೆ ಬಿದ್ದ ಕಳ್ಳರು ಪಾಳು ಗುಡಿಗಳ ನೆಲ ಅಗೆದು, ವಿಗ್ರಹ ಕಿತ್ತು, ಬಸವನ ಬೆನ್ನು ಒಡೆದ ಕಹಿ ನೆನಪು ಕರ್ನಾಟಕದ ಅನೇಕ ಹಳ್ಳಿಗಳಲ್ಲಿದೆ. ಅಪರಿಚಿತರು ಕಾಗದ ಹಿಡಿದು ಗುಡಿಯ ಸುತ್ತ ಏನನ್ನೋ ಹುಡುಕುತ್ತಿದ್ದರೆ ಊರವರು ಪ್ರಶ್ನಿಸುವುದು ಸಹಜ, ಪ್ರಶ್ನಿಸುವುದೇ ಸರಿ. ವಿನಯದಿಂದ ಉತ್ತರಿಸಿ.

ಆದ್ದರಿಂದ ಒಳ್ಳೆಯ ಆಯೋಜಕರು ಇಲ್ಲಿ ಯಾವ ವಸ್ತುವನ್ನೂ ಬಚ್ಚಿಡುವುದಿಲ್ಲ. ಚೀಟಿ ಅಂಟಿಸುವುದಿಲ್ಲ, ಸೀಮೆಸುಣ್ಣದ ಗುರುತು ಹಾಕುವುದಿಲ್ಲ. ಸುಳಿವಿನ ಉತ್ತರವೆಲ್ಲ ಆಗಲೇ ಕೆತ್ತಿಟ್ಟಿದೆ. ಬಳಪದ ಕಲ್ಲು ಮೃದುವಾದದ್ದು. ಸಾವಿರ ಕೈ ಸವರಿದರೆ ಕೆತ್ತನೆಯ ಮೊನೆ ಸವೆಯುತ್ತದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನಮ್ಮ ಹೊಣೆ ಇನ್ನಷ್ಟು ಹೆಚ್ಚಿದೆ. ಗುಂಪಾಗಿ ಆಟ ಏರ್ಪಡಿಸುವವರು ಪುರಾತತ್ತ್ವ ಇಲಾಖೆಯವರನ್ನೂ ದೇವಾಲಯದವರನ್ನೂ ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು.

ಹೊರಡುವ ಮುನ್ನ

ಚಪ್ಪಲಿ ಹೊರಗೆ ಬಿಡಬೇಕಾಗುತ್ತದೆ. ಮಧ್ಯಾಹ್ನ ಕಲ್ಲುಹಾಸು ಕಾಯುವುದರಿಂದ ಕಾಲುಚೀಲ ಇಟ್ಟುಕೊಳ್ಳಿ. ನೀರು, ಟೋಪಿ, ಪೆನ್ಸಿಲ್, ನಿತ್ಯ ಸೇವಿಸುವ ಔಷಧಿ ಮರೆಯಬೇಡಿ. ಬೇಲೂರಿನಲ್ಲಿ ನಿತ್ಯಪೂಜೆ ನಡೆಯುತ್ತದೆ. ದರ್ಶನಕ್ಕೆ ಬಂದ ಭಕ್ತರಿಗೆ ಮೊದಲು ದಾರಿ ಬಿಡಿ, ಕೂಗಾಟ ಬೇಡ. ಮೊಬೈಲ್ ಫೋನಿನಲ್ಲಿ ಉತ್ತರ ಹುಡುಕುವುದನ್ನು ಆಯೋಜಕರು ತಡೆಯದಿದ್ದರೂ ನೀವೇ ತಡೆದುಕೊಳ್ಳಿ.

ಬೇಲೂರಿನ ಶಿಲ್ಪಗಳ ಕೆಳಗೆ ಕೆಲವೆಡೆ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಅವರಲ್ಲಿ ಇಬ್ಬರು. ಪ್ರತಿಯೊಬ್ಬರೂ ತಮ್ಮ ಕೈಚಳಕಕ್ಕೆ ಹೆಸರು ಹಾಕಿದರು. ದೇವಾಲಯ ಮಾತ್ರ ಒಂದೇ ಆಯಿತು. ನಿಮ್ಮ ಕೊನೆಯ ಲಕೋಟೆಯಲ್ಲಿ ಆ ಹೆಸರುಗಳನ್ನು ಕೇಳಿದ್ದರೆ, ಆಯೋಜಕರು ಆಟವನ್ನು ಬಲ್ಲವರೆಂದು ತಿಳಿಯಿರಿ.